ತಂಬೂರ ಕೆರೆಯ ಹಕ್ಕಿ ನೆರಳು

1988 ಜನವರಿ 5, ಮಂಗಳವಾರ

ಹೆರಿಗೆಯಾದ ಮೇಲೆ ಈ ವಹಿ ಮುಟ್ಟಿರಲಿಲ್ಲ. ಇವತ್ತು ತೆಗೆದೆ. ಯಾರಿಗಾದರೂ ಹೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಇದು ಸುಮ್ಮನೆ ಕೇಳಿಸಿಕೊಳ್ಳುತ್ತದೆ.

ಕೂಸಿನ ತೂಕ ಇಳಿದಿದೆ.

ದವಾಖಾನೆಯಲ್ಲಿ ನರ್ಸಬಾಯಿ ಗೌರಿಯ ಮೈಮೇಲಿನದ್ದನ್ನೆಲ್ಲ ಬಿಚ್ಚಿಸಿ ತಣ್ಣಗಿನ ತಕ್ಕಡಿಯಲ್ಲಿ ಬರಿಮೈಯಲ್ಲಿ ಮಲಗಿಸಿದಳು. ಉಸಿರು ಹಿಡಿದು ಅತ್ತಿತು. ಐದು ಕಿಲೋ ಏಳುನೂರು.

“ಹಿಂದಿನ ಸಲ ಎಷ್ಟಿತ್ರಿ?”

“ಆರೂಕಾಲು.”

“ಖರೇನ?” ಎಂದು ನನ್ನ ಮುಖ ನೋಡಿದಳು. “ನಾಕನೇ ತಿಂಗಳದಾಗ ಏರಬೇಕ್ರಿ, ಇಳೀಬಾರದು. ಹಾಲ ಸಾಲವಲ್ದೇನ ನೋಡ್ರಿ.”

ಆರೂಕಾಲು ಖರೆಯೇ. ಹೋದ ತಿಂಗಳು ತವರಿನಿಂದ, ಶಲವಡಿಯಿಂದ, ಹೊರಟ ದಿನ ಅಪ್ಪನೇ ಹತ್ತಿ ತೂಗುವ ಅಡತಿ ಅಂಗಡಿಗೆ ಎತ್ತಿಕೊಂಡು ಹೋಗಿ ತೂಗಿಸಿದ್ದ. ಅವ್ವ ಹೊಲಿದ ಹೊಸ ಕೌದಿ, ತಲೆಗೆ ಕುಂಚಿಗೆ, ಕಾಲಿಗೆ ಬೆಳ್ಳಿ ಕಡಗ, ನಡುವಿಗೆ ಉಡದಾರ. ಮದುಮಗಳ ಹಾಗಿದ್ದಳು ನನ್ನ ಗೌರಿ. ತೂಗುವವನು “ಆರೂಕಾಲು! ಒಂದನೇ ನಂಬರ ಮಾಲು!” ಎಂದು ಕೂಗಿ ಎಲ್ಲರನ್ನೂ ನಗಿಸಿದ್ದ. ಆ ಆರೂಕಾಲನ್ನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದೆ.

ಅರ್ಧ ಕಿಲೋಗಿಂತ ಹೆಚ್ಚು ಎಲ್ಲಿ ಹೋಯಿತು? ನನ್ನ ಕೈಯಲ್ಲೇ ಇದ್ದ ಕೂಸು.

ಮಲಗಿದರೆ ಸಾಕು, ಅದರ ಉಸಿರು ನಿಂತಂತೆ ಅನ್ನಿಸುತ್ತದೆ. ಎದ್ದು ಮೂಗಿನ ಕೆಳಗೆ ಬೆರಳಿಡುತ್ತೇನೆ. ಬೆಚ್ಚಗೆ ತಾಗುತ್ತದೆ. ಮತ್ತೆ ಮಲಗುತ್ತೇನೆ. ಬೆರಳಿಗೆ ತಾಗಿದ್ದು ನನ್ನದೇ ಉಸಿರಾಗಿದ್ದರೆ? ಮತ್ತೆ ಏಳುತ್ತೇನೆ.

ಜನವರಿ 7

ಅತ್ತೆಗೆ ಕಾರಣ ಸಿಕ್ಕಿದೆ. ಹಕ್ಕಿ ನೆಳ್ಳು.

ಹಾರುವ ಹಕ್ಕಿಯ ನೆರಳು ಎಳೆಗೂಸಿನ ಮೇಲೆ ಬಿದ್ದರೆ, ಅಥವಾ ಅದರ ಒಣಹಾಕಿದ ಅರಿವೆಯ ಮೇಲೆ ಬಿದ್ದರೂ ಸರಿ, ಕೂಸು ಹಸಿರಾಗಿ ಬಹಿರ್ದೆಸೆ ಮಾಡುತ್ತ ಸೊರಗಿಹೋಗುತ್ತದಂತೆ. ನಮ್ಮ ಮನೆ ಇರುವುದು ಕೆರೆಯ ಬಗಲಲ್ಲಿ.

“ದಿನಾ ಸಂಜೀಕ ಸಾಲ ಹಚ್ಚಿ ನಮ್ಮ ಮಾಳಗಿ ಮ್ಯಾಲ ಹಾಯತಾವ. ಅರಿವಿ ಒಳಗ ತಗೋ ಅಂತ ಬಡಕೊಂಡೆ. ಕೇಳತಿ ಏನ? ಬಿ.ಎಸ್ಸಿ. ಅಲ್ಲ ನೀ!”

ನಾನು ಓದಿದ್ದು ಪ್ರಾಣಿಶಾಸ್ತ್ರ. ನೆರಳಿನಲ್ಲಿ ಏನಿರುತ್ತದೆ, ಬಿಸಿಲು ಇರುವುದಿಲ್ಲ ಅಷ್ಟೇ. ಹೀಗೆಂದು ಬಾಯಿಬಿಟ್ಟು ಹೇಳಲಿಲ್ಲ. ಸಂಜೆ ಬಿಸಿಲು ಇರುವಾಗಲೇ ಹಗ್ಗದ ಮೇಲಿನ ಅರಿವೆಗಳನ್ನೆಲ್ಲ ಎಳೆದು ಒಳಗೆ ತಂದೆ. ಇನ್ನೂ ಹಸಿಯಾಗಿದ್ದವು. ಯಾಕೆ ತಂದೆ?

ಇದಕ್ಕೆ ಮದ್ದು ಬರೆ. ಆಚೆ ಹಳ್ಳಿಯ ಕಸ್ತೂರೆವ್ವ ಎಂಬ ಮುದುಕಿ ಸೂಜಿ ಕಾಸಿ ಹೊಟ್ಟೆಯ ಮೇಲೆ ಮೂರು ಗೆರೆ ಎಳೆಯುತ್ತಾಳೆ. ಸೋಮವಾರ ಮಾತ್ರ. ಕೂಸಿನ ಕಾಲನ್ನು ಹೆತ್ತವಳೇ ಹಿಡಿಯಬೇಕು.

ಇವರನ್ನು ಕೇಳಿದೆ. ಸೊಸೈಟಿಯ ಲೆಕ್ಕ ಬರೆಯುತ್ತ ಕೂತಿದ್ದವರು ಅಂಗಿ ಎತ್ತಿ ತೋರಿಸಿದರು. “ನನಗೂ ಹಾಕ್ಯಾರ. ಸತ್ತೇನೇನು?” ಹೊಕ್ಕುಳದ ಬಾಜು ಮೂರು ಬಿಳಿ ಗೆರೆ. ಮದುವೆಯಾದಾಗಿನಿಂದ ನೋಡಿದ್ದೇನೆ, ಏನೆಂದು ಕೇಳಿರಲಿಲ್ಲ.

ಜನವರಿ 10, ಭಾನುವಾರ

ಕಾಲೇಜಿನಲ್ಲಿ ನನಗೆ ಕಲಿಸಿದ ಹಂಚಿನಮನಿ ಸರ್ ಧಾರವಾಡದಿಂದ ಒಂದು ದುರ್ಬೀನು ಕಳಿಸಿದ್ದಾರೆ. ಬಸ್ಸಿನ ಕಂಡಕ್ಟರ ಮನೆಯ ತನಕ ತಂದುಕೊಟ್ಟ. “ಒಳಗ ಬಾಟ್ಲಿ ಐತೇನ್ರಿ ಅಕ್ಕಾರ, ಭಾಳ ಹುಷಾರಿಲೆ ಕೊಡು ಅಂದಾರ?”

ಜೊತೆಗೆ ಒಂದು ಚೀಟಿ. ಹೋದ ವರ್ಷದಿಂದ ಚಳಿಗಾಲದಲ್ಲಿ ನೀರುಹಕ್ಕಿಗಳ ಎಣಿಕೆ ಶುರುವಾಗಿದೆ, ಎಷ್ಟೋ ದೇಶಗಳಲ್ಲಿ ಜನವರಿಯ ಅದೇ ದಿನಗಳಲ್ಲಿ ಎಣಿಸುತ್ತಾರೆ. ಹೋದ ಸಲ ತಂಬೂರ ಕೆರೆಗೆ ಅವರೇ ಬಂದು ಒಂಬೈನೂರು ಎಣಿಸಿದ್ದರು. ಈ ಸಲ ಕಾಲು ಮುರಿದುಕೊಂಡು ಕೂತಿದ್ದಾರೆ. “ಶಶಿಕಲಾ, ನೀನಿರುವ ಊರಲ್ಲೇ ಕೆರೆ ಇದೆ. ಹದಿನೇಳರ ಮುಂಜಾನೆ ಒಂದು ಸಲ ಎಣಿಸಿಬಿಡು. ನಾನು ನಿಂತಿದ್ದ ತೂಬಿನ ಕಟ್ಟೆಯಲ್ಲೇ ನಿಲ್ಲು, ಬೇರೆ ಕಡೆ ನಿಂತರೆ ಎರಡು ವರ್ಷದ ಅಂಕಿಗಳನ್ನು ಒಂದರ ಪಕ್ಕ ಒಂದು ಇಡಲಾಗದು.”

ಕೂಸು ಆಗಿದ್ದು ಅವರಿಗೆ ಗೊತ್ತಿಲ್ಲ.

ಇವರು ಚೀಟಿ ಓದಿ ನಕ್ಕರು. “ಎಣಿಸಿ ಏನ ಮಾಡತಾರಂತ? ರೇಶನ್ ಕಾರ್ಡ ಕೊಡತಾರೇನ ಅವಕ್ಕ?”

ದುರ್ಬೀನನ್ನು ತಿರುಗಾಮುರುಗಾ ಹಿಡಿದು ತೊಟ್ಟಿಲು ನೋಡಿದೆ. ಗೌರಿ ಎಲ್ಲೋ ದೂರದಲ್ಲಿ, ಬೆರಳುದ್ದ ಕಂಡಳು. ತಟ್ಟನೆ ಕೆಳಗಿಟ್ಟೆ.

ಜನವರಿ 12

ನಾನು ಏನು ಮಾಡಿದೆನೆಂದು ಬರೆಯಲೇಬೇಕು, ಇಲ್ಲದಿದ್ದರೆ ನಾಳೆ ನನಗೇ ನಂಬಿಕೆ ಬರುವುದಿಲ್ಲ.

ರೊಟ್ಟಿ ಬಡಿಯುತ್ತ ಅತ್ತೆಗೆ ಎಣಿಕೆಯ ವಿಷಯ ಹೇಳಿದೆ. ಅವರು ಹಂಚಿನ ಮೇಲಿನ ರೊಟ್ಟಿ ಮರೆತು ನನ್ನನ್ನೇ ನೋಡಿದರು.

“ಹಕ್ಕಿ ನೆಳ್ಳಿಗೆ ಕೂಸು ಒಣಗಾಕತ್ತೈತಿ, ನೀ ಹಕ್ಕೀನ ನೋಡಾಕ ಹೊಂಟಿ?”

“ಒಂದ ಮುಂಜಾನಿ ಅತ್ತಿ.”

“ಕೂಸಿಗೆ ಮಲಿ ಯಾರ ಕೊಡಬೇಕ? ನಿಮ್ಮ ಸರ್ ಕೊಡತಾರ?”

“ಎತಗೊಂಡ ಹೋಗತೀನ್ರಿ.”

“ಕೆರಿ ದಂಡಿಗೆ! ಹಕ್ಕಿ ಬುಡಕ!” ರೊಟ್ಟಿ ಕರಕಾಯಿತು. ಅದನ್ನು ನಾಯಿಗೆ ಹಾಕಿ ಬಂದು ಕೂತರು. ಆಮೇಲೆ ಅಂದರು, “ಹೋಗು. ನಿನ್ನಿ ಸೋಮವಾರ ಏನರ ನೆವ ಹೇಳಿ ತಪ್ಪಿಸಿದಿ, ಎಣಿಸಿದ ಮರುದಿನ ಸೋಮವಾರ ಕಸ್ತೂರೆವ್ವನ ಕಡೆ ಬರತೇನಂತ ಮಾತ ಕೊಟ್ಟ ಹೋಗು.”

ನಾನು ಹೂಂ ಅಂದೆ.

ಹೂಂ ಅಂದೆನಲ್ಲ. ಹಕ್ಕಿಗಳನ್ನು ನೋಡುವ ಆಸೆಗೆ ಅಂದೆನೋ? ಅಥವಾ ಬರೆ ಹಾಕಿದರೆ ಗುಣವಾದೀತೆಂದು ನನ್ನೊಳಗೇ ಯಾರೋ ಅಂದುಕೊಂಡರೋ? ಸೂಜಿ ಕಾಯಿಸಿದರೆ ಎಷ್ಟು ಕೆಂಪಾಗುತ್ತದೆಂದು ನನಗೆ ಗೊತ್ತು. ಕೂಸಿನ ಹೊಟ್ಟೆ ಹಸಿ ಹಿಟ್ಟಿನ ಹಾಗಿದೆ. ಬೇಡ ಅನ್ನಬೇಕು. ಬೇಡ ಅಂದು ನಾಳೆ ಏನಾದರೂ ಆದರೆ? ಆಗ ಎಲ್ಲರೂ ನನ್ನ ಕಡೆಗೇ ನೋಡುತ್ತಾರೆ. ನಾನೂ.

ಜನವರಿ 14. ಅಲ್ಲ, 15

ನಿನ್ನೆ ಹದಿಮೂರು ಎಂದುಕೊಂಡು ದಿನವೆಲ್ಲ ಕಳೆದೆ. ಸುಗರಾಬಿ ಎಳ್ಳು ಇಸಿದುಕೊಳ್ಳಲು ಬಂದಾಗಲೇ ಸಂಕ್ರಮಣ ಗೊತ್ತಾದದ್ದು. ಬಸ್ ನಿಲ್ಲುವಲ್ಲಿ ಮಲಿಕಸಾಬನ ಕಿರಾಣಿ ಅಂಗಡಿ, ಆಕೆ ಅವನ ಹೆಂಡತಿ. “ಅಕ್ಕಾ, ಕಣ್ಣ ನೋಡ್ರಿ ನಿಮ್ಮವು, ಕುಂಬಾರ ಭಟ್ಟಿ ಆಗ್ಯಾವ. ಮಕ್ಕೋರಿ ಚೂರ,” ಎಂದಳು.

ಮಲಗು ಅಂತ ಎಲ್ಲರೂ ಹೇಳುತ್ತಾರೆ. ಮಲಗುವುದು ಹೇಗೆಂದು ಒಬ್ಬರೂ ಹೇಳುವುದಿಲ್ಲ.

ಎಣಿಸುವ ರೂಢಿ ಮಾಡಿಕೊಳ್ಳೋಣವೆಂದು ಅಂಗಳದ ಗುಬ್ಬಿ ಎಣಿಸಿದೆ. ಮೂರು ಸಲ ಮೂರು ಲೆಕ್ಕ ಬಂತು.

ಜನವರಿ 16

ಸೋಮವಾರ ಬಾರದಿರಲಿ.

ಜನವರಿ 17, ಭಾನುವಾರ

ಮುಂಜಾನೆ ನಾನು ಹೊರಡುವಾಗ ಅತ್ತೆ ಸೀರೆ ಉಟ್ಟು ನಿಂತಿದ್ದರು. ಕೈಯಲ್ಲಿ ಮಾವನ ಕಾಲದ ಕರಿ ಛತ್ರಿ.

“ಕೂಸನ್ನ ನಾ ಹಿಡೀತೀನಿ. ನೀ ನಿನ್ನ ಹಕ್ಕಿ ನೋಡಕೊ. ಒಂದರ ನೆಳ್ಳ ಬೀಳಾಕ ಬಿಡಂಗಿಲ್ಲ ನಾ.”

ಚಳಿಯೆಂದು ಶಲವಡಿಯ ಕೌದಿ, ಕುಂಚಿಗೆ ಎಲ್ಲ ಹಾಕಿದ್ದರು. ದೃಷ್ಟಿಯಾಗದಿರಲಿ ಎಂದು ಬೆಳ್ಳಿಯನ್ನೂ ಹಾಕಿದ್ದರು.

ತೂಬಿನ ಕಟ್ಟೆಗೆ ಹೋಗಲಾಗಲಿಲ್ಲ. ದಾರಿಗೆ ಅಡ್ಡವಾಗಿ ಯಾರೋ ಜಾಲಿಮುಳ್ಳು ಒಟ್ಟಿದ್ದರು, ಕೂಸನ್ನು ಎತ್ತಿಕೊಂಡು ದಾಟುವಂತಿರಲಿಲ್ಲ. ಏರಿಯ ಈಚೆ ತುದಿಯಲ್ಲೇ ನಿಂತೆವು. ನೀರಿನ ಮೇಲೆ ಹೊಗೆಯಂಥ ಮಂಜು. ಅದು ಎದ್ದಂತೆ ಹಕ್ಕಿಗಳು ಒಂದೊಂದಾಗಿ, ಆಮೇಲೆ ಒಮ್ಮೆಲೇ, ಕೆರೆಯ ತುಂಬ.

ಇಷ್ಟನ್ನು ನಾನು ಎಣಿಸುವುದೇ?

ಕಾಲೇಜಿನಲ್ಲಿ ಕಲಿತದ್ದು ನೆನಪಾಯಿತು. ಮೊದಲು ಹತ್ತನ್ನು ಬಿಡಿಬಿಡಿಯಾಗಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತವೆಂದು ಕಣ್ಣಿಗೆ ರೂಢಿ ಮಾಡಿ, ಅದೇ ಅಳತೆಯನ್ನು ಹಿಂಡಿನ ಮೇಲೆ ಹಾಸುತ್ತ ಹೋಗಬೇಕು. ಅತ್ತೆಗೆ ಹೇಳಿದೆ.

“ಅಂದ್ರ ರಾಶಿ ನೋಡಿ ಇಷ್ಟ ಚೀಲ ಆಕ್ಕೈತಿ ಅಂದಂಗ. ನಿಮ್ಮ ಮಾವನೂ ಅಂತಿದ್ದ. ಒಂದ ವರ್ಷರ ಖರೆ ಆಗಿದ್ದಿಲ್ಲ.”

ಕರಿಮೈಗೆ ಬಿಳಿ ಹಣೆಯ ಹಕ್ಕಿಗಳೇ ಹೆಚ್ಚಿದ್ದವು. ನಾಮದ ಕೋಳಿ ಎಂದು ಹೆಸರು ಹೇಳಿದೆ. ಅತ್ತೆ ಛತ್ರಿಯ ಕೆಳಗಿನಿಂದ ಬಗ್ಗಿ ನೋಡಿದರು.

“ನಾಮ ಎಲ್ಲೈತಿ? ಅಡ್ಡ ಹಚ್ಚಿದ್ದು ಇಬತ್ತಿ ಅದು. ನಮ್ಮ ಕೆರಿ ಹಕ್ಕಿ, ನಮ್ಮವ ಇರತಾವ. ಇಬತ್ತಿ ಕೋಳಿ ಅಂತ ಬರಕೊ.”

ನಾನು ನಕ್ಕೆ. ಎಷ್ಟು ದಿನವಾಗಿತ್ತೋ ಏನೋ, ನಕ್ಕ ಸಪ್ಪಳ ಬೇರೆ ಯಾರದೋ ಅನ್ನಿಸಿತು. ನಗುವಿನಲ್ಲಿ ಲೆಕ್ಕ ತಪ್ಪಿ ಮೊದಲಿನಿಂದ ಶುರುಮಾಡಿದೆ. ಆಗ ಅತ್ತೆಯೂ ತಮ್ಮಷ್ಟಕ್ಕೆ ಎಣಿಸತೊಡಗಿದರು. ಕಣದಲ್ಲಿ ಜೋಳ ಅಳೆಯುವ ಹಾಗೆ, ಒಂದು ಅನ್ನದೆ “ಲಾಭ, ಎರಡು, ಮೂರು...” ಎಂದು. ಅವರ ದನಿ, ನನ್ನ ದನಿ ಕಲೆತು ಮತ್ತೆ ತಪ್ಪಿತು.

“ಸುಮ್ಮ ಇರ್ರಿ ಅತ್ತಿ!”

“ನೀ ಸುಮ್ಮ ಇರು. ನಂದ ನಲವತ್ತಾಗಿತ್ತು.”

ಬಿಸಿಲೇರಿತು. ಹೆಬ್ಬಾತುಗಳು ಆ ದಂಡೆಯ ಗದ್ದೆಯಿಂದ ಎದ್ದು ಸಾಲಾಗಿ ನಮ್ಮ ಮೇಲೆಯೇ ಬಂದವು. ಅವುಗಳ ತಲೆಯ ಎರಡು ಕರಿ ಪಟ್ಟೆಯೂ ಕಾಣುವಷ್ಟು ತಗ್ಗಿನಲ್ಲಿ ಹಾರುತ್ತಿದ್ದವು. ಹಿಮಾಲಯ ದಾಟಿ ಬಂದವು ಎಂದು ಹೇಳಬೇಕೆಂದು ತಿರುಗಿದೆ. ಅತ್ತೆ ಛತ್ರಿ ಕೆಳಗೆ ಬಿಟ್ಟು, ಸೆರಗು ಹರವಿ ಕೂಸಿನ ಮೇಲೆ ಬಾಗಿ ನಿಂತಿದ್ದರು. ನೆರಳುಗಳು ಅವರ ಬೆನ್ನ ಮೇಲೆ ಒಂದೊಂದಾಗಿ ಹಾದುಹೋದವು. ಹಾದು ಮುಗಿಯುವ ತನಕ ಅವರು ಉಸಿರು ಬಿಡಲಿಲ್ಲ.

ಆ ಹಿಂಡನ್ನು ನಾನು ಎಣಿಸಲೇ ಇಲ್ಲ.

ಆಮೇಲೆ ಏರಿಯ ಮೇಲೆ ಕೂತು ಹಾಲು ಕುಡಿಸಿದೆ. ಅತ್ತೆ ಕೇಳಿದರು, “ಹೋದ ವರ್ಷ ಎಷ್ಟಿದ್ದುವಂತ?”

“ಒಂಬೈನೂರು.”

“ಈ ವರ್ಷ?”

“ಆರನೂರರ ಮ್ಯಾಲ ಆಗ್ಯಾವ.”

“ಅಯ್ಯ ಶಿವನ! ಕಡಿಮಿ ಆದುವೇನು?”

“ಹಂಗ ಅನ್ನಾಕ ಬರಂಗಿಲ್ರಿ. ಅವರು ತೂಬಿನ್ಯಾಗ ನಿಂತ ಎಣಿಸ್ಯಾರ, ನಾವಿಲ್ಲಿ. ಹಕ್ಕಿ ಕಡಿಮಿ ಆದುವೋ, ಜಾಗಾ ಬ್ಯಾರೆ ಆತೋ, ಹೆಂಗ ಗೊತ್ತಾಗಬೇಕ? ಎರಡನ್ನೂ ಒಂದ ರೀತಿ ಎಣಿಸಿದ್ರ ಮಾತ್ರ ಹೋಲಸಾಕ ಬರತೈತಿ.”

ಅತ್ತೆ ಹೂಂಗುಟ್ಟಿ ಕೂಸನ್ನು ಮರಳಿ ತೆಗೆದುಕೊಂಡರು. ಬಿಸಿಲಿಗೆ ಅದು ಬೆವತಿತ್ತು. ಕೌದಿ ಬಿಚ್ಚಿ ಹೆಗಲಿಗೆ ಹಾಕಿಕೊಂಡು, “ನಿಮ್ಮವ್ವ ಕೌದಿ ಹೊಲದಾಳೋ ಕಟಗಿ ತುಂಬ್ಯಾಳೋ! ಮುಂಜಾನಿಂದ ನನ್ನ ರಟ್ಟಿ ಬಿದ್ದ ಹೋತು,” ಎಂದರು. ತವರಿನ ಮೇಲೆ ಒಂದು ಮಾತು ಹಾಕದೆ ಅವರ ದಿನ ಮುಗಿಯುವುದಿಲ್ಲ.

ಬರುವಾಗ ದಾರಿಯಲ್ಲಿ, ನಾನು ಕೇಳದಿದ್ದರೂ ಅಂದರು, “ನಿನ್ನ ಗಂಡಗ, ಮಡಿವಾಳೆಪ್ಪಗ, ಬರಿ ಹಾಕೂ ಮುಂದ ಕಾಲ ನಾನ ಹಿಡದಿದ್ದೆ. ಕಣ್ಣ ಮುಚಗೊಂಡಿದ್ದೆ. ನೀನೂ ಮುಚಗೊ.”

ನಾಳೆ.

ಜನವರಿ 18, ಸೋಮವಾರ

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಬಸ್ಸಿಗೆ ಹೊರಡುವಾಗ ಅತ್ತೆ ಅಂದರು, “ಹೊಟ್ಟಿ ತೆರಿಯೂದೈತಿ. ಬೆಳ್ಳಿ ಗಿಳ್ಳಿ ಬ್ಯಾಡ, ಹಳೇ ಸೀರಿ ತುಂಡಿನ್ಯಾಗ ಸುತ್ತು.” ನಾನು ಒಂದೊಂದಾಗಿ ತೆಗೆದೆ. ಕಡಗ, ಉಡದಾರ, ಕುಂಚಿಗೆ. ಎಲ್ಲವನ್ನೂ ಕೌದಿಯಲ್ಲಿಟ್ಟು ಗಂಟು ಕಟ್ಟಿ ಟ್ರಂಕಿನಲ್ಲಿಡಲು ಎತ್ತಿದೆ.

ಗಂಟು ಭಾರವಾಗಿತ್ತು.

ಎಷ್ಟು ಹೊತ್ತು ಹಾಗೇ ನಿಂತೆನೋ. ಕಟಗಿ ತುಂಬ್ಯಾಳೋ ಎಂದಿದ್ದರು ಅತ್ತೆ. ಶಲವಡಿಯ ಅಡತಿಯಲ್ಲಿ ಕೂಸು ಈ ಗಂಟಿನೊಳಗೇ ಇತ್ತು. ದವಾಖಾನೆಯಲ್ಲಿ ಬರಿಮೈ. ನಿನ್ನೆ ಏರಿಯ ಮೇಲೆ ಕೂತು ಹಕ್ಕಿಗಳ ವಿಷಯಕ್ಕೆ ಎಷ್ಟು ಜಾಣತನದಿಂದ ಹೇಳಿದ್ದೆ, ಎರಡನ್ನೂ ಒಂದೇ ರೀತಿ ಎಣಿಸಬೇಕೆಂದು! ಹೇಳುವಾಗ ತೊಡೆಯ ಮೇಲೆ ಇದೇ ಕೂಸಿತ್ತು.

ಒಂದು ಬಗಲಿಗೆ ಗೌರಿ, ಇನ್ನೊಂದು ಬಗಲಿಗೆ ಗಂಟು ಇರುಕಿಕೊಂಡು ಮಲಿಕಸಾಬನ ಅಂಗಡಿಗೆ ಓಡಿದೆ. ಹಿಂದೆ ಅತ್ತೆ, “ಎಲ್ಲಿಗೆ ಓಡತೀಯ ಬೇ, ಬಸ್ ಇನ್ನೂ ಬಂದಿಲ್ಲ!” ಎನ್ನುತ್ತ ಬಂದರು. ಅಂಗಡಿಯಲ್ಲಿ ಸುಗರಾಬಿ ಇದ್ದಳು. ಬೆಲ್ಲ ಕಟ್ಟುತ್ತಿದ್ದವಳು, ತೂಗಬೇಕು ಎಂದ ನನ್ನ ಮುಖ ನೋಡಿ ತಕ್ಕಡಿ ಒರೆಸಿ ಕೊಟ್ಟಳು.

ಗಂಟು, ಒಂದು ಕಿಲೋಗೆ ಐವತ್ತು ಗ್ರಾಮ ಕಡಿಮೆ.

ಆರೂಕಾಲಿನಲ್ಲಿ ಅದನ್ನು ಕಳೆಯಬೇಕು. ನನಗೆ ಬರಲಿಲ್ಲ. ಒಮ್ಮೆ ಏಳರ ಮೇಲೆ ಬಂತು, ಕೂಡಿಸಿಬಿಟ್ಟಿದ್ದೆ. ಸುಗರಾಬಿ ಪುಡಿಕೆಯ ಕಾಗದದ ಮೇಲೆ ಮಾಡಿ ತೋರಿಸಿದಳು. ಶಲವಡಿಯಲ್ಲಿ ಕೂಸಿನ ತೂಕ ಬರೀ ಐದು ಕಿಲೋ ಮುನ್ನೂರು. ದವಾಖಾನೆಯಲ್ಲಿ ಐದು ಏಳುನೂರು. ಇಳಿದಿರಲೇ ಇಲ್ಲ. ಏರಿತ್ತು. ಇಷ್ಟು ದಿನವೂ ಏರುತ್ತಲೇ ಇತ್ತು.

“ಚೀಲದ ಸಮೇತ ತೂಗಿದ್ದು ಒಂದ, ಚೀಲ ಬಿಟ್ಟ ತೂಗಿದ್ದು ಒಂದ. ಜ್ವಾಳ ಎಲ್ಲಿ ಹೋತು ಅಂತ ಅಳೋದು ಅಕ್ಕಾ?” ಎಂದು ಸುಗರಾಬಿ ನಕ್ಕಳು. ನಾನು ಅಳುತ್ತಿದ್ದೇನೆಂದು ಆಗಲೇ ತಿಳಿದದ್ದು.

ಅತ್ತೆ ನಗಲಿಲ್ಲ. “ಕಾಗದದ ಲೆಕ್ಕ ನನಗ ತಿಳಿಯಂಗಿಲ್ಲ. ಕೂಸನ್ನ ಇಡು,” ಎಂದರು. ತಕ್ಕಡಿಗೆ ಸೀರೆಯ ತುಂಡು ಹಾಸಿ ಮಲಗಿಸಿದೆ. ಐದು ಎಂಟುನೂರ ಐವತ್ತು. ಅತ್ತೆ ಆ ಸೀರೆಯ ತುಂಡನ್ನು ಎಳೆದು ಬೇರೆ ತೂಗಿಸಿದರು. ನೂರೂ ಇರಲಿಲ್ಲ. ಗಂಟನ್ನು ತಾವೇ ಒಮ್ಮೆ ಎತ್ತಿ ನೋಡಿದರು, ಕೆಳಗಿಟ್ಟರು, ಮತ್ತೆ ಎತ್ತಿದರು.

ಅಷ್ಟರಲ್ಲಿ ಬಸ್ ಬಂದು ನಿಂತಿತು. ದುರ್ಬೀನು ತಂದಿದ್ದ ಅದೇ ಕಂಡಕ್ಟರ. “ಹತ್ತರಿ ಅವ್ವಾರ, ಲಗು!”

ಅತ್ತೆ ಬಸ್ಸು ನೋಡಿದರು. ಗೌರಿಯ ಬರಿ ಹೊಟ್ಟೆ ನೋಡಿದರು. ಚಳಿಗೆ ಅದರ ಮೇಲೆ ನವಿರೆದ್ದಿತ್ತು. ಅಂಗೈಯಿಂದ ಅದನ್ನು ಮುಚ್ಚಿದರು.

“ನೀ ಹೋಗಪಾ,” ಎಂದರು.

ಧೂಳು ಇಳಿದ ಮೇಲೆ ನನಗೆ, “ನಿನ್ನಿ ಅಷ್ಟೂ ಹೊತ್ತ ನಾ ಸೆರಗ ಹಿಡದ ನಿಂತೆ ಅಲ್ಲ, ಅದಕ್ಕ ನೆಳ್ಳ ತಾಗಿಲ್ಲ ನೋಡು,” ಎಂದರು.

“ಹೌದ್ರಿ,” ಎಂದೆ.

ಲೆಕ್ಕಕ್ಕೆ ಅದು ಕೂಡುವುದಿಲ್ಲ. ಆದರೂ ಹೌದು ಎಂದದ್ದು ಸುಳ್ಳು ಅನ್ನಿಸುತ್ತಿಲ್ಲ. ಯಾಕೋ ತಿಳಿಯದು.

ಸಂಜೆ ಇವರು ಬಂದವರೇ, “ಹಾಕಿಸಿದ್ರೇನು?” ಎಂದರು. ಅತ್ತೆ ಒಲೆಯ ಮುಂದಿನಿಂದ ಏಳದೆ ಹೇಳಿದರು, “ಬಸ್ ತಪ್ಪಿತು.”

“ಮುಂದಿನ ಸೋಮವಾರ?”

“ಅದೂ ತಪ್ಪತೈತಿ.”

ಜನವರಿ 19

ಸರ್‌ಗೆ ಕಳಿಸುವ ಕಾಗದ ತುಂಬಿದೆ. ನನ್ನ ಲೆಕ್ಕ ಒಮ್ಮೆ ಆರುನೂರ ಹನ್ನೆರಡು, ಒಮ್ಮೆ ಆರುನೂರ ನಲವತ್ತು. ಅತ್ತೆ “ಸಾವಿರ ಬರಿ, ಊರ ಮರ್ಯಾದಿ ಪ್ರಶ್ನೆ,” ಎನ್ನುತ್ತಾರೆ. ಎರಡು ಅಂಕಿಗಳನ್ನೂ ಬರೆದು, ತೂಬಿನಲ್ಲಿ ನಿಲ್ಲಲಾಗಲಿಲ್ಲ, ಹೆಬ್ಬಾತುಗಳನ್ನು ಎಣಿಸುವುದು ತಪ್ಪಿತು ಎಂದೂ ಬರೆದೆ. ತಪ್ಪಿದ್ದು ಯಾಕೆಂದು ಬರೆಯಲಿಲ್ಲ. ದುರ್ಬೀನನ್ನು ಹಳೆ ಕೌದಿಯೊಂದರ ಚಿಂದಿಯಲ್ಲಿ ಸುತ್ತಿ ಕಂಡಕ್ಟರನಿಗೆ ಕೊಡಬೇಕು.

ಕೊಡಲು ಮನಸ್ಸಿಲ್ಲ. ನಾಳೆ ಕೊಟ್ಟರಾಯಿತು.

ಜನವರಿ 25

ನಡುವೆ ಯಾಕೆ ಬರೆಯಲಿಲ್ಲ? ನೆನಪಿಲ್ಲ. ಊಟ ಮಾಡಿ ಒರಗಿದ್ದು ನೆನಪಿದೆ, ಆಮೇಲೆ ಬೆಳಗಾಗಿರುತ್ತದೆ. ಕೂಸು ಅತ್ತಿತಂತೆ, ಅತ್ತೆ ತಂದು ನನ್ನ ಬಗಲಿಗೆ ಹಾಕಿದರಂತೆ, ಕುಡಿಯಿತಂತೆ. ನನಗೆ ಏನೂ ಗೊತ್ತಿಲ್ಲ. ಇದು ರೋಗವೇನೋ, ನರ್ಸಬಾಯಿಯನ್ನು ಕೇಳಬೇಕು.

ಜನವರಿ 30

ಬರೆಯುವಂಥದ್ದು ಏನಿಲ್ಲ.

ಸಂಜೆ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಗೌರಿ ಬಾಜುವಿನಲ್ಲಿ ಕೌದಿಯ ಮೇಲೆ ಕಾಲಾಡಿಸುತ್ತಿದ್ದಳು. ಹಗ್ಗದ ಮೇಲೆ ಅರಿವೆ ಇದ್ದವು. ಕೆರೆಯ ಕಡೆಯಿಂದ ಹೆಬ್ಬಾತಿನ ಕೂಗು ಕೇಳಿ ತಲೆ ಎತ್ತಿದೆ. ಉದ್ದನೆಯ ಸಾಲು, ನಡುವೆ ಮುರಿದು ಮತ್ತೆ ಕೂಡಿಕೊಳ್ಳುತ್ತ ಮಾಳಿಗೆಯ ಮೇಲೆ ಹಾಯುತ್ತಿತ್ತು. ಎಣಿಸಿದೆ. ಒಂದೂ ಬಿಡದೆ, ಒಂದೇ ಸಲಕ್ಕೆ.

ಎಣಿಸಿ ಮುಗಿದ ಮೇಲೆ ಕೂಸಿನ ನೆನಪಾಯಿತು. ಅದು ನನ್ನ ಹಾಗೆಯೇ ಮೇಲೆ ನೋಡುತ್ತಿತ್ತು. ಅಂಗಳದ ನೆಲದ ಮೇಲಿಂದ ಕಡೆಯ ನೆರಳು ಸರಿದು ಗೋಡೆ ಹತ್ತುತ್ತಿತ್ತು.

ಒಳಗಿನಿಂದ ಅತ್ತೆಗೂ ಕೂಗು ಕೇಳಿಸಿತ್ತು. ಇನ್ನು ಬೈಗುಳ ಬರುತ್ತದೆಂದು ಗೌರಿಯನ್ನು ಎತ್ತಿಕೊಳ್ಳಲು ಕೈ ಚಾಚಿದೆ.

“ಶಶಿಕಲಾ,” ಎಂದು ಕೂಗಿದರು ಅತ್ತೆ, “ಎಷ್ಟದಾವ ಬೇ?”